ದತ್ತು ಹೋದ ಅಜ್ಜನ ಲಿಂಕು

ನಮ್ಮ ಹಿರಿಯಜ್ಜ ಹುಟ್ಟಿದ್ದು ಗುಬ್ಬಿಯಲ್ಲಿ, ದತ್ತು ಹೋದದ್ದು ಕುಣಿಗಲ್ಲಿಗೆ. ವಂಶದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವಾಗ ಅವರನ್ನು ಗುಬ್ಬಿ ಫೋಲ್ಡರಿನಲ್ಲಿಟ್ಟೆ. ಕುಣಿಗಲ್ ಫೋಲ್ಡರಿನಲ್ಲಿ, ತೆರೆದರೆ ಅದೇ ಫೋಟೋ ಕಾಣುವಂತೆ ಒಂದು ಲಿಂಕು ಮಾಡಿದೆ. ಒಂದೇ ದಾಖಲೆಗೆ ಎರಡು ಪ್ರತಿ ಇಡುವುದು ಬಿ.ಎಸ್ಸಿ. ಓದಿದ ನನಗೆ ಒಗ್ಗುವುದಿಲ್ಲ.

ನೋಡಲು ಬಂದ ಕುಣಿಗಲ್ಲಿನ ಓರಗಿತ್ತಿ ಗಿರಿಜ ಲಿಂಕು ಒತ್ತಿದರೆ ಫೋಟೋ ಬರಲಿಲ್ಲ. ವಿಂಡೋಸಿನೊಳಗೆ ಯೂನಿಕ್ಸ್ ಎಂಬ ಬೇರೆ ವ್ಯವಸ್ಥೆಯಂತೆ ಕೆಲಸ ಮಾಡಿಸುವ ಸಿಗ್ವಿನ್‌ನಲ್ಲಿ ಮಾಡಿದ ಲಿಂಕದು, ವಿಂಡೋಸಿಗೆ ತಿಳಿಯಲಿಲ್ಲ.

"ಏನಕ್ಕಾ, ಗುಬ್ಬಿಲಿ ಕಾಣ್ತಾರೆ, ನಮ್ಮಲ್ಲಿ ಇಲ್ವಾ? ಹಂಗಾದ್ರೆ ನಾವು ಕೊಟ್ಟಿರೋ ಫೋಟೋನೆಲ್ಲ ಅಳಿಸ್ಬುಡಿ!"

ಅವು ಹೋದರೆ ನನ್ನ ವಂಶಾವಳಿಯಲ್ಲಿ ಅರ್ಧ ಜನ ಇರುವುದಿಲ್ಲ. ಲಿಂಕನ್ನು ವಿಂಡೋಸಿನ ರೀತಿಯಲ್ಲೇ ಬರೆಯುವಂತೆ ಸೆಟ್ಟಿಂಗ್ ಬದಲಿಸಿ, ಮತ್ತೆ ಮಾಡಿದೆ. ಅಜ್ಜ ಮೀಸೆ ಸಮೇತ ಬಂದರು. ಗಿರಿಜ ಅಷ್ಟಕ್ಕೆ ಬಿಡದೆ, ಮೂಲ ಫೋಟೋ ಎಲ್ಲಿದೆಯೆಂದು ತೋರಿಸುವ ಪ್ರಾಪರ್ಟೀಸ್ ತೆರೆದಳು.

"ಇಲ್ನೋಡಿ, ಇನ್ನೂ ಗುಬ್ಬಿ ಅಂತಾನೇ ಇದೆ! ದತ್ತು ಕೊಟ್ಮೇಲೂ ಬಿಡಲ್ವಾ ನೀವು?"

ಕೊನೆಗೆ ಮೂಲ ಫೋಟೋವನ್ನು ಉಪ್ಪಾರಹಳ್ಳಿಯ ನಮ್ಮ ಮನೆಯ ಫೋಲ್ಡರಿಗೆ ಸಾಗಿಸಿ, ಎರಡೂ ಊರಿಗೆ ಲಿಂಕು ಕೊಟ್ಟೆ. ಗಿರಿಜ ನೆಮ್ಮದಿಯಾಗಿ ಕಾಫಿ ಕುಡಿದಳು. ನಾವು ಈ ಮನೆ ಕಟ್ಟಿಸುವ ಹೊತ್ತಿಗೆ ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಗಿತ್ತು; ಅದನ್ನು ಯಾರೂ ಕೇಳಲಿಲ್ಲ.