ಕೊರಳಿಲ್ಲದ ನವಿಲು

ಕೋವಿಡ್ ಕಳೆದ ಮರುವರ್ಷದ ಮಾತು. ಜಮಖಂಡಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಿಂದ ನಿವೃತ್ತಳಾಗಿ, ಬನಹಟ್ಟಿಯಲ್ಲಿ ನೇಕಾರರ ಸಂಘವೊಂದರ ಡಿಸೈನ್ ಕೇಂದ್ರಕ್ಕೆ ಸಿಸ್ಟಂ ಸಲಹೆಗಾರ್ತಿಯಾಗಿ ಸೇರಿದ್ದೆ. ಸಲಹೆಗಾರ್ತಿ ಎನ್ನುವುದು ಹೆಸರಿಗಷ್ಟೇ. ಪ್ರಿಂಟರ್ ಕಾಗದ ನುಂಗಿದರೂ ನನಗೇ ಫೋನು ಬರುತ್ತಿತ್ತು. ಆದರೂ ಮನೆಯಲ್ಲಿ ಕುಳಿತು ಧಾರಾವಾಹಿ ನೋಡುವ ತಾಳ್ಮೆ ನನಗಿಲ್ಲವಾದ್ದರಿಂದ ವಾರಕ್ಕೆರಡು ಸಲ ಖುಷಿಯಿಂದಲೇ ಬಸ್ಸು ಹತ್ತುತ್ತಿದ್ದೆ.

ಅಲ್ಲಿಯ ಡಿಸೈನರ್ ಗಿರಿಜಾ. ರಬಕವಿಯ ನೇಕಾರ ಮನೆತನದ ಹೆಣ್ಣುಮಗಳು, ವಯಸ್ಸು ನಲವತ್ತರ ಆಸುಪಾಸು. ಸಂಘದ ಸಂಜೆ ತರಗತಿಯಲ್ಲಿ ನನ್ನ ಬಳಿ ಪೈಥಾನ್ ಪ್ರೋಗ್ರಾಮಿಂಗ್ ಕಲಿತು, ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ರವನ್ನು ಮಗ್ಗಕ್ಕೆ ಅರ್ಥವಾಗುವ ಫೈಲಾಗಿ ಬದಲಿಸುವ ಪ್ರೋಗ್ರಾಂ ಬರೆದಿದ್ದಳು. ಅದಕ್ಕೆ ಮೊದಲು ಈ ಕೆಲಸವೆಲ್ಲ ಮಹಾರಾಷ್ಟ್ರದ ಇಚಲಕರಂಜಿಗೆ ಹೋಗುತ್ತಿತ್ತು. ನನ್ನ ಕೈಯಲ್ಲಿ ಕಲಿತವರು ಎಲ್ಲೆಲ್ಲೋ ದೊಡ್ಡ ದೊಡ್ಡ ಹುದ್ದೆಯಲ್ಲಿದ್ದಾರೆ. ಆದರೆ ಕಲಿತದ್ದನ್ನು ಸೀರೆಯ ಮೇಲೆ ಮೂಡಿಸಿ ತೋರಿಸಿದವಳು ಇವಳೊಬ್ಬಳೇ.

ಇಲ್ಲಿ ಸ್ವಲ್ಪ ವಿವರ ಹೇಳಬೇಕು. ಎಲೆಕ್ಟ್ರಾನಿಕ್ ಜಕಾರ್ಡ್ ಎಂದರೆ ಮಗ್ಗದ ನೆತ್ತಿಯ ಮೇಲೆ ಕೂರುವ ಯಂತ್ರ. ಅದರ ಹುಕ್ಕುಗಳು ಹಾಸಿನ, ಅಂದರೆ ಉದ್ದಕ್ಕೆ ಹಾಯುವ, ಎಳೆಗಳನ್ನು ಬೇಕಾದಾಗ ಎತ್ತಿ, ಬೇಡವಾದಾಗ ಬಿಟ್ಟು ಚಿತ್ರ ಮೂಡಿಸುತ್ತವೆ. ಕೇಂದ್ರದ ಹಳೆಯ ಮಗ್ಗಕ್ಕೆ 480 ಹುಕ್ಕು, ಆ ವರ್ಷ ಬಂದ ಹೊಸ ಮಗ್ಗಕ್ಕೆ 960. ಒಂದೊಂದು ಮಗ್ಗಕ್ಕೆ ಒಂದೊಂದು ಕಂಪ್ಯೂಟರ್, ಎರಡರಲ್ಲೂ ಗಿರಿಜಾಳ ಅದೇ ಪ್ರೋಗ್ರಾಂ. ಹುಕ್ಕು ಎಷ್ಟೆಂಬುದನ್ನು ಪ್ರೋಗ್ರಾಂ ತಾನಿರುವ ಕಂಪ್ಯೂಟರನ್ನೇ ಕೇಳಿ ತಿಳಿದುಕೊಳ್ಳುತ್ತಿತ್ತು. ಹೀಗೆ ಪ್ರೋಗ್ರಾಮಿನ ಹೊರಗೆ, ಕಂಪ್ಯೂಟರಿನಲ್ಲಿ ಬರೆದಿಡುವ ಅಂಕಿಗೆ, ಅಂದರೆ ಬೆಲೆಗೆ, ಎನ್ವಿರಾನ್‌ಮೆಂಟ್ ವೇರಿಯೇಬಲ್ ಎನ್ನುತ್ತೇವೆ. ಬೆಲೆ ಸಿಗದಿದ್ದರೆ 480 ಎಂದುಕೊಂಡು ಮುಂದುವರಿಯಲಿ ಎಂದು ಗಿರಿಜಾ ಬರೆದಿದ್ದಳು.

ಹೊಸ ಮಗ್ಗ ಕೂರಿಸಲು ಬಂದ ಮೆಕ್ಯಾನಿಕ್ ಅದರ ಕಂಪ್ಯೂಟರಿನಲ್ಲಿ 960 ಎಂದು ಬರೆದ, ತಾನೇ ಒಂದು ಸ್ಯಾಂಪಲ್ ತೆಗೆದ, ಹೋದ. ಸ್ಯಾಂಪಲ್ ಚೆನ್ನಾಗಿ ಬಂತು. ಆಮೇಲೆ ಮಹಾಲಿಂಗಪುರದ ವ್ಯಾಪಾರಿಯೊಬ್ಬರು ಮದುವೆ ಸೀರೆಗೆ ನವಿಲಿನ ದಡಿ ಕೇಳಿದರು. ಗಿರಿಜಾ ಫೈಲು ಮಾಡಿ ಕೊಟ್ಟಳು. ಮಗ್ಗದಿಂದ ಇಳಿದ ನವಿಲಿಗೆ ಗರಿಯಿತ್ತು, ಕಾಲಿತ್ತು, ಕೊರಳು ತಲೆ ಇರಲಿಲ್ಲ. ಇನ್ನೊಮ್ಮೆ ಮಾಡಿದಳು. ಮತ್ತೆ ಅದೇ ಮುಂಡ.

ನಾನು ಹೋದಾಗ ಕಾರ್ಯದರ್ಶಿ ಬಸಣ್ಣ ಆ ಎರಡೂ ತುಂಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದರು. ಕೆಟ್ಟ ಮನುಷ್ಯರಲ್ಲ, ಆದರೆ ತೀರ್ಪು ಕೊಡುವುದರಲ್ಲಿ ಬಹಳ ಚುರುಕು. ವ್ಯಾಪಾರಿ ಸಂಜೆ ಬರುವವರಿದ್ದರು. ಅಷ್ಟರೊಳಗೆ ಸರಿಯಾದ ಸ್ಯಾಂಪಲ್ ಆಗದಿದ್ದರೆ ಡಿಸೈನ್ ಕೆಲಸ ಮತ್ತೆ ಇಚಲಕರಂಜಿಗೆ ಹೋಗುತ್ತದೆ, ಗಿರಿಜಾ ಆವಕ ಜಾವಕದ ರಿಜಿಸ್ಟರು ನೋಡಿಕೊಂಡಿರಲಿ ಎಂದರು. ಅವಳು ಅಲ್ಲೇ ನಿಂತಿದ್ದಳು. ಬಸಣ್ಣ ನನ್ನ ಕಡೆ ತಿರುಗಿ ಹೇಳಿದರು:

“ಅಕ್ಕಾರ, ಮಶಿನ್ ಕೂಡಿಸಿದಾಂವ ಮಾಡಿದ್ರ ಛಲೋ ಬಂತು, ಈಕಿ ಮಾಡಿದ್ರ ಕೆಡತೈತಿ. ಕೇಳಿದ್ರ ಕಂಪ್ಯೂಟರ್ ಸರಿ ಇಲ್ಲ ಅಂತಾಳ. ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಳಂತ.”

ನನಗೆ ಸಿಟ್ಟು ಬಂತು. ಆದರೆ ಸಿಟ್ಟಿನಿಂದ ಕಂಪ್ಯೂಟರ್ ಸರಿಹೋಗುವುದಿಲ್ಲ. ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿ, ಹುಕ್ಕು ಎಷ್ಟೆಂದು ತಿಳಿದುಕೊಂಡಿದೆಯೋ ಅದನ್ನು ಪರದೆಯ ಮೇಲೆ ತೋರಿಸುವಂತೆ ಮಾಡಿದೆ. ನನ್ನ ರೂಢಿಯಂತೆ ಟರ್ಮಿನಲ್ ತೆರೆದು, ಅಂದರೆ ಆದೇಶಗಳನ್ನು ಟೈಪು ಮಾಡುವ ಕಪ್ಪು ಕಿಟಕಿಯನ್ನು ತೆರೆದು, ಪ್ರೋಗ್ರಾಂ ಓಡಿಸಿದೆ. 960 ಎಂದಿತು. ಬಸಣ್ಣ ಗಿರಿಜಾಳ ಕಡೆ ನೋಡಿದರು. ಅವಳಿಗೆ ನೆರವಾಗಲು ಬಂದವಳೇ ಅವಳ ವಿರುದ್ಧ ಸಾಕ್ಷಿ ಹೇಳಿದಂತಾಯಿತು.

ಗಿರಿಜಾ ಅಳಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತಳು.

“ಅಕ್ಕಾರ, ನೀವು ಮಾಡೂದನ್ನ ನಾ ನೋಡಿದ್ನಿ. ಈಗ ನಾ ಮಾಡೂದನ್ನ ನೀವು ನೋಡ್ರಿ.”

ಅವಳು ಟರ್ಮಿನಲ್ ಮುಟ್ಟಲೇ ಇಲ್ಲ. ಡೆಸ್ಕ್‌ಟಾಪಿನ ಮೇಲಿದ್ದ, ಪ್ರೋಗ್ರಾಂ ಬರೆಯುವ ಕೋಡ್ ಎಡಿಟರಿನ ಐಕಾನ್ ಒತ್ತಿದಳು. ಎಡಿಟರ್ ತೆರೆಯಿತು, ಪ್ರೋಗ್ರಾಂ ಬಂತು, ರನ್ ಗುಂಡಿ ಒತ್ತಿದಳು. 480.

ಅದೇ ಕಂಪ್ಯೂಟರ್, ಅದೇ ಪ್ರೋಗ್ರಾಂ. ನನಗೆ ಕೂಡಲೇ ಹೊಳೆಯಿತು. ಮೆಕ್ಯಾನಿಕ್ ಆ 960ನ್ನು ಬರೆದಿಟ್ಟದ್ದು ಟರ್ಮಿನಲ್ ತೆರೆದಾಗ ಮಾತ್ರ ಓದಲಾಗುವ ಫೈಲಿನಲ್ಲಿ. ಅವನೂ ನನ್ನಂತೆ ಟರ್ಮಿನಲ್ ತೆರೆದೇ ಓಡಿಸಿದ್ದರಿಂದ ಅವನ ಸ್ಯಾಂಪಲ್ ಸರಿಯಾಗಿ ಬಂದಿತ್ತು. ಐಕಾನ್ ಒತ್ತಿ ತೆರೆದ ಎಡಿಟರಿಗೆ ಆ ಫೈಲಿನ ಗಾಳಿಯೂ ಸೋಕುವುದಿಲ್ಲ. ಬೆಲೆ ಸಿಗದ ಪ್ರೋಗ್ರಾಂ 480 ಎಂದುಕೊಂಡು ನವಿಲಿನ ಉಳಿದರ್ಧವನ್ನು ಕೈಬಿಟ್ಟಿತ್ತು.

ಇದನ್ನು ಬಸಣ್ಣನವರಿಗೆ ನಾನು ಇಂಗ್ಲಿಷ್ ಪದಗಳನ್ನು ಸುರಿದು ವಿವರಿಸುತ್ತಿದ್ದರೆ ಗಿರಿಜಾ ಒಂದೇ ಮಾತಿನಲ್ಲಿ ಮುಗಿಸಿದಳು. ತಮ್ಮ ಮನೆಯಲ್ಲಿ ಅಂದಂದಿನ ಬಣ್ಣಗಳನ್ನು ಅಪ್ಪ ಪಾಟಿಯ, ಅಂದರೆ ಸ್ಲೇಟಿನ, ಮೇಲೆ ಬರೆದು ಮುಂಬಾಗಿಲಿಗೆ ತೂಗುಹಾಕುತ್ತಿದ್ದರಂತೆ. ಹಿತ್ತಲ ಬಾಗಿಲಿನಿಂದ ಬಂದು ಮಗ್ಗಕ್ಕೆ ಕೂತವರಿಗೆ ಅದು ಕಾಣದೆ ನಿನ್ನೆಯ ಬಣ್ಣವನ್ನೇ ನೇಯುತ್ತಿದ್ದರಂತೆ. ಇದೂ ಅದೇ ಕಥೆ ಎಂದಳು.

“ಹಂಗಾರ ಪ್ರೋಗ್ರಾಮ್‌ನ್ಯಾಗ 960 ಅಂತ ಬರದಬಿಡ್ರಿ,” ಎಂದರು ಬಸಣ್ಣ. ಹಾಗೆ ಮಾಡಿದರೆ ಹಳೆಯ ಮಗ್ಗದ ನೇಯ್ಗೆ ಕೆಡುತ್ತದೆ, ಅಲ್ಲಿರುವುದೂ ಇದೇ ಪ್ರೋಗ್ರಾಂ. ಮಗ್ಗದ ಮಾತು ಆ ಮಗ್ಗದ ಕಂಪ್ಯೂಟರಿನಲ್ಲೇ ಇರಬೇಕು, ಆದರೆ ಯಾವ ಬಾಗಿಲಿನಿಂದ ಬಂದವರಿಗೂ ಕಾಣುವ ಕಡೆ ಇರಬೇಕು. ಅಂಥ ಜಾಗವೊಂದಿದೆ. ಲಾಗಿನ್ ಆಗುವಾಗಲೇ ಓದಲಾಗುವ ಫೈಲು ಅದು, ಎರಡು ಬಾಗಿಲಿಗೂ ಹೊರಗಿನ ಗೇಟು. ಪಾಟಿಯನ್ನು ಅಲ್ಲಿಗೆ ಸಾಗಿಸಿದೆ, ಅಂದರೆ ಆ ಸಾಲನ್ನು ಆ ಫೈಲಿಗೆ ಬರೆದೆ. ಗಿರಿಜಾ ಎಡಿಟರ್ ಮುಚ್ಚಿ ಮತ್ತೆ ಐಕಾನ್ ಒತ್ತಿದಳು.

480.

ಬಸಣ್ಣ ಜೇಬಿನಿಂದ ಫೋನು ತೆಗೆದರು. ಇಚಲಕರಂಜಿಗೇ ಇರಬೇಕು. ಇಷ್ಟು ವರ್ಷ ಲ್ಯಾಬಿನಲ್ಲಿ ಮಣ್ಣು ಹೊತ್ತೆನೇ ಎನಿಸಿತು. ಗಿರಿಜಾ ಮಾತ್ರ ಪರದೆಯನ್ನೇ ನೋಡುತ್ತಿದ್ದಳು.

“ನಾವು ಗೇಟಿನ ಒಳಗ ಇದ್ದೀವಲ್ರಿ ಅಕ್ಕಾರ. ಪಾಟಿ ಹಚ್ಚೂಕಿಂತ ಮೊದಲ ಒಳಗ ಬಂದೇವಿ. ಒಮ್ಮಿ ಹೊರಗ ಹೋಗಿ ಬರೋಣು.”

ಖರೆ. ಎಡಿಟರ್ ಮುಚ್ಚಿದರೆ ಸಾಲದು, ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು. ಆಗಿ, ಐಕಾನ್ ಒತ್ತಿದಳು, ರನ್ ಒತ್ತಿದಳು. 960. ಬಸಣ್ಣ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಸಂಜೆ ವ್ಯಾಪಾರಿ ಬರುವ ಹೊತ್ತಿಗೆ ನವಿಲು ಕೊರಳೆತ್ತಿ ಮಗ್ಗದಿಂದ ಇಳಿದಿತ್ತು. ಅವರು ದಡಿಯ ಮೇಲೆ ಬೆರಳಾಡಿಸಿ, ಯಾರು ಮಾಡಿದ್ದು ಎಂದು ಕೇಳಿದರು. ಬಸಣ್ಣ ಗಂಟಲು ಸರಿಮಾಡಿಕೊಂಡು, “ನಮ್ಮ ಗಿರಿಜಾ ಮಾಡ್ಯಾಳ್ರಿ,” ಎಂದರು. ಆ ‘ನಮ್ಮ’ ಕೇಳಿ ನನಗೆ ಆದ ಹಿಗ್ಗು ಎಷ್ಟೆಂದರೆ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸಿಗೂ ಈ ಕಥೆ ಹೇಳಿದೆ. ಪಾಪ, ಆಕೆ ಹೂಂಗುಟ್ಟುತ್ತ ಕೇಳಿದಳು.

ಮರುದಿನ ಗಿರಿಜಾ ತನ್ನ ಪ್ರೋಗ್ರಾಮಿನಿಂದ ಆ 480ರ ಊಹೆಯನ್ನು ಕಿತ್ತುಹಾಕಿದಳು. ಬೆಲೆ ಸಿಗದಿದ್ದರೆ ಪ್ರೋಗ್ರಾಂ ಈಗ ಅಂದಾಜು ಮಾಡುವುದಿಲ್ಲ, ನಿಂತುಬಿಡುತ್ತದೆ. ಯಾಕೆಂದು ಕೇಳಿದ್ದಕ್ಕೆ, ಗೊತ್ತಿಲ್ಲದಾಗ ಮಗ್ಗ ನಿಲ್ಲಿಸಿ ಕೇಳಬೇಕು ಎಂದು ಅಪ್ಪ ಹೇಳುತ್ತಿದ್ದರು ಎಂದಳು. ಈ ಬುದ್ಧಿ ನನ್ನ ಪಾಠದಲ್ಲಿ ಇರಲಿಲ್ಲ. ಅಂದಿನಿಂದ ನಾನೂ ಕಲಿಸುತ್ತೇನೆ.

ನನ್ನ ವೃತ್ತಿ ಕಲಿಸಿದ್ದು ಇಷ್ಟು. ನನ್ನ ಕೈಯಲ್ಲಿ ಓಡುತ್ತದೆ ಎಂಬುದು ಇನ್ನೊಬ್ಬರ ತಪ್ಪಿಗೆ ಪುರಾವೆಯಲ್ಲ. ಅವರ ಪಕ್ಕ ಕುಳಿತು, ಅವರು ಬರುವ ಬಾಗಿಲಿನಿಂದಲೇ ಒಮ್ಮೆ ಬಂದು ನೋಡಬೇಕು. ಕುಣಿಯುವವಳನ್ನು ಆಡಿಕೊಳ್ಳುವ ಮುಂಚೆ ನೆಲ ನೋಡಬೇಕು. ಕೆಲವೊಮ್ಮೆ ಅದು ನಿಜವಾಗಿಯೂ ಡೊಂಕಾಗಿರುತ್ತದೆ.

ಆ ದಡಿಯ ಸೀರೆಯೊಂದನ್ನು ನಾನೂ ಕೊಂಡಿದ್ದೇನೆ. ಉಟ್ಟು ಹೊರಟಾಗ ಯಾರಾದರೂ ಚೆಂದವಿದೆ ಎಂದರೆ ದಡಿಯನ್ನು ಎತ್ತಿ ಹಿಡಿದು ಮೊದಲು ನವಿಲಿನ ಕೊರಳು ತೋರಿಸುತ್ತೇನೆ.