ತಪ್ಪು ಕತೆ ಹೇಳಿ ಉಣಿಸುವ ಆಯಾ

ಬೆಳಕು ಹರಿಯುವ ಹೊತ್ತು. ಕಿಟಕಿ ತೆರೆದು, ಬೆನ್ನಿಗೆ ದಿಂಬು ಒತ್ತುಕೊಟ್ಟು, ಆಯಾ ಗಂಜಿ ಬಟ್ಟಲು ಹಿಡಿದು ಮಂಚದ ಪಕ್ಕ ಕೂರುತ್ತಾರೆ. ಮಂಚದ ಮೇಲೆ ತೊಂಬತ್ತೇಳರ ಕವಯಿತ್ರಿ, ಹದಿನೈದಕ್ಕೇ ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಜೈಲು ಕಂಡವರು. ತುಟಿ ಬಿಗಿದುಕೊಂಡಿದ್ದಾರೆ. ಬಿಳಿಯರ ಪೊಲೀಸರಿಗೇ ಬಾಯಿ ಬಿಡದವರು ಚಮಚಕ್ಕೆ ಬಿಟ್ಟಾರೆಯೇ?

“ಅಮ್ಮಾ, ನಿಮ್ಮನ್ನ ಮೊದಲ್ನೇ ಸಲ ಮೆರವಣಿಗೆಗೆ ಕರ್ಕೊಂಡು ಹೋಗಿದ್ದು ನಿಮ್ಮಪ್ಪ ಅಲ್ವಾ?” ಆಯಾ ಏನೂ ಅರಿಯದವರಂತೆ ಕೇಳುತ್ತಾರೆ.

ಅಜ್ಜಿಯ ಹುಬ್ಬು ಗಂಟಿಕ್ಕುತ್ತದೆ. “ಅಪ್ಪ ಎಲ್ಲಿಂದ ಬಂದ? ಬಟ್ಟೆ ಒಗೆಯೋ ದೊಡ್ಡಮ್ಮ ಕಣೇ. ಎಷ್ಟು ಸಲ ಹೇಳ್ಬೇಕು ನಿಂಗೆ?”

ಬೈಗುಳ ಮುಗಿಯುವವರೆಗೂ ಆಯಾ ಕಾಯುತ್ತಾರೆ. ಆಮೇಲೆ ಚಮಚ ತುಟಿಗೆ ತಾಗುತ್ತದೆ, ಗಂಜಿ ಒಳಗೆ ಹೋಗುತ್ತದೆ. “ಮಾತಾಡುವಾಗ ಕೊಟ್ರೆ ನೆತ್ತಿಗೆ ಹತ್ತುತ್ತೆ. ಅವಸರ ಮಾಡಂಗಿಲ್ಲ” ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ.

ಹೋದ ವರ್ಷ ನೆನಪು ಮಸುಕಾದಾಗ ಕವಯಿತ್ರಿ ಮಾತೂ ಬಿಟ್ಟರು, ಊಟವೂ ಬಿಟ್ಟರು. ಹೀಗೇ ಆದರೆ ಮೂಗಿಗೆ ಕೊಳವೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ಆಗ ಆಯಾ ಸುಮ್ಮನೆ ಕೂರಲಾರದೆ ತಮ್ಮ ಮಗಳ ಶಾಲೆಯ ಪಾಠದಲ್ಲಿದ್ದ ಕವಯಿತ್ರಿಯದೇ ಕತೆ ಹೇಳಿದರು: ಅಪ್ಪನಿಂದ ಧೈರ್ಯ, ಮೇಷ್ಟ್ರಿಂದ ಕಾವ್ಯ. “ಸುಳ್ಳು” ಎಂದರು ಅಜ್ಜಿ. ಎಷ್ಟೋ ದಿನಗಳ ಮೇಲೆ ಬಂದ ಮೊದಲ ಮಾತು ಅದು. ಬಾಯಿ ತೆರೆಯುವ ದಾರಿ ಆಯಾಗೆ ಸಿಕ್ಕಿತು.

ದಿನಕ್ಕೊಂದು ತಪ್ಪಿಗೆ ಬಾಲ್ಯದ ಒಂದೊಂದು ಚೂರು ಹೊರಬಿತ್ತು. ಮನೆಮನೆಯ ಬಟ್ಟೆ ಒಗೆಯುತ್ತಿದ್ದ, ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಿದ್ದ ಆ ಹೆಂಗಸು ಕಲ್ಲಿಗೆ ಬಟ್ಟೆ ಬಡಿಯುತ್ತಲೇ ಪದ ಕಟ್ಟುತ್ತಿದ್ದರಂತೆ. ಅವರದೊಂದು ಸಾಲಾದರೆ, ನೊರೆಯಲ್ಲಿ ಕೈಯಾಡಿಸುತ್ತ ಈ ಪುಟ್ಟ ಹುಡುಗಿಯದೊಂದು. ಮಡಿಚಿದ ಬಟ್ಟೆಯ ಗಂಟಿನೊಳಗೆ ಚಳವಳಿಯ ಕರಪತ್ರಗಳೂ ಮನೆಯಿಂದ ಮನೆಗೆ ಹೋಗುತ್ತಿದ್ದವು.

“ಅಮ್ಮ ಇದ್ಯಾವುದನ್ನೂ ನಮಗೆ ಹೇಳಿರಲಿಲ್ಲ. ಅಮ್ಮನನ್ನ ಉಳಿಸಿಕೊಟ್ಟವರೇ ಇದನ್ನೂ ಕೊಟ್ರು. ಈ ಋಣ ತೀರಿಸೋಕಾಗಲ್ಲ” ಎಂದು ಕವಯಿತ್ರಿಯ ಮಗಳು ಕಣ್ಣೊರೆಸಿಕೊಳ್ಳುತ್ತಾರೆ.

ಆಯಾರ ಮನೆಯಲ್ಲೂ ಹಾಸಿಗೆ ಹಿಡಿದ ಅತ್ತೆ ಇದ್ದಾರೆ. ಅವರ ಮುಖ ತೊಳೆಸಿ, ದರ್ಜಿ ಗಂಡನಿಗೆ ಒಪ್ಪಿಸಿ, ಕತ್ತಲಲ್ಲೇ ನಡೆದು ಬರುತ್ತಾರೆ. ಎರಡು ಕಡೆಯೂ ಎತ್ತಿ ಕೂರಿಸಿ ಸೊಂಟ ಸೋತಿದೆ. “ಅತ್ತೆಗೆ ಈ ಉಪಾಯ ಬೇಕಾಗಿಲ್ಲ. ನಾನು ಏನಂದ್ರೂ ತಪ್ಪು ಅಂತಾರೆ, ಊಟ ಮಾತ್ರ ಗಡದ್ದಾಗಿ ಮಾಡ್ತಾರೆ” ಎಂದು ನಗುತ್ತಾರೆ.

ಕಳೆದ ತಿಂಗಳು ಒಂದು ದಿನ ಮಾತ್ರ ನಗು ಬರಲಿಲ್ಲ. ತಪ್ಪು ಕತೆಗೆ ಅಜ್ಜಿ “ಇರಬಹುದು” ಎಂದುಬಿಟ್ಟರು. ಅವತ್ತು ತೊಟ್ಟು ಗಂಜಿಯೂ ಇಳಿಯಲಿಲ್ಲ. ಮನೆಗೆ ಹೋದ ಆಯಾಗೂ ಅನ್ನ ಸೇರಲಿಲ್ಲ.

ಮರುದಿನ ಗಟ್ಟಿ ಮನಸ್ಸು ಮಾಡಿ ದೊಡ್ಡ ಸುಳ್ಳನ್ನೇ ಹೇಳಿದರು. “ಪೊಲೀಸರು ಬಂದಾಗ ಆ ದೊಡ್ಡಮ್ಮ ಗಂಟು ಬಿಸಾಕಿ ಓಡಿಹೋದ್ರಂತೆ?”

ಅಜ್ಜಿ ದಿಂಬಿನಿಂದ ಮೇಲೆದ್ದರು. “ಯಾರೇ ಹಾಗಂದಿದ್ದು? ಓಡಿದ್ದು ನಾನು. ಅವಳು ನಿಂತ್ಕೊಂಡ್ಳು.”

ಅವತ್ತು ಬಟ್ಟಲು ಖಾಲಿಯಾಯಿತು. ಅಷ್ಟು ಹೊತ್ತೂ ಅಜ್ಜಿ ಆಯಾರ ಕೈ ಬಿಡಲಿಲ್ಲ.

ನಿಮಗೇನಾದರೂ ಆಸೆಯಿದೆಯೇ ಎಂದು ಆಯಾರನ್ನು ಕೇಳಿದೆ. ಬಟ್ಟಲು ತೊಳೆಯುತ್ತಲೇ ಹೇಳಿದರು: “ಅಮ್ಮ ದಿನಾ ನನ್ನ ತಪ್ಪು ಹಿಡೀತಾ ಇರ್ಲಿ. ‘ನೀ ಹೇಳಿದ್ದೇ ಸರಿ’ ಅನ್ನೋ ಮಾತು ಮಾತ್ರ ಅವರ ಬಾಯಲ್ಲಿ ಬರೋದು ಬೇಡ.”