ಮೂರನೆಯ ಕೂಗು

ಕರೆದವರಿಗೆ ಓಗೊಡಬಾರದು ಎಂದು ಕಲಿಸಲು ಸರಕಾರ ನನ್ನ ಮೇಲೆ ಒಂದಿಡೀ ಮಳೆಗಾಲ ಖರ್ಚು ಮಾಡಿತು. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಗಂಗೊಳ್ಳಿಯ ಮೀನುಗಾರರ ಮನೆಯವನು. ಎರಡು ಸಾವಿರದ ಇಸವಿ ಕಳೆದ ಮೇಲೆ ನಮ್ಮ ಘಟ್ಟದ ಬುಡದ ಕಾಡುಗಳಲ್ಲಿ ಬಂದೂಕು ಹಿಡಿದವರ ಓಡಾಟ ಶುರುವಾಯಿತು. ಅವರನ್ನು ಹಿಡಿಯಲು ಇಲಾಖೆಯಲ್ಲಿ ಬೇರೆಯೇ ಒಂದು ಪಡೆ ಕಟ್ಟಿದರು. ನಾನಾಗ ಬ್ರಹ್ಮಾವರದ ಕಡೆ ಕಾನ್‌ಸ್ಟೇಬಲ್. ಮೆರವಣಿಗೆ ಕಾಯುವುದು, ಅಪಘಾತದ ಹೆಣ ಕಾಯುವುದು, ಸಾಹೇಬರ ಜೀಪು ಕಾಯುವುದು. ಆ ಪಡೆಯವರ ಎದೆಯ ಮೇಲಿನ ಬ್ಯಾಡ್ಜ್ ಕಂಡ ದಿನದಿಂದ ನನಗೆ ಬೇರೇನೂ ಬೇಡವಾಯಿತು. ಅರ್ಜಿ ಹಾಕಿದೆ, ಆಯ್ಕೆಯೂ ಆದೆ.

ಓಟ, ಹಗ್ಗ ಹತ್ತುವುದು, ಜಲ್ಲಿಯ ಮೇಲೆ ಮೊಣಕೈ ಊರಿ ತೆವಳುವುದು, ಇವುಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಚಿಕ್ಕಂದಿನಿಂದ ಬಲೆ ಎಳೆದ ಮೈ ಇದು. ತಕರಾರಿರುವುದು ಹೊಂಚು ಕೂರುವ ಪಾಠದ ಬಗ್ಗೆ. ಪೊದೆಯೊಳಗೆ ಕೂತವನು ಉಂಬಳ ಹತ್ತಿ ರಕ್ತ ಹೀರಿದರೂ ಅಲ್ಲಾಡಬಾರದು. ಅಷ್ಟರಲ್ಲಿ ನಮ್ಮ ಉಸ್ತಾದ್, ಎಂದರೆ ತರಬೇತಿ ಕೊಡುವವರು, ಹಿಂದಿನಿಂದ ಬೆಕ್ಕಿನಂತೆ ಬಂದು ಅವರವರ ಮನೆಮಾತಿನಲ್ಲಿ ಕರೆಯುತ್ತಿದ್ದರು. ಬೀದರಿನವನನ್ನು ಅವನ ಅವ್ವ ಕರೆದ ಹಾಗೆ, ಕೊಡಗಿನವನನ್ನು ಅವನ ಅಜ್ಜ ಕರೆದ ಹಾಗೆ. ತಿರುಗಿ ನೋಡಿದವನಿಗೆ ರಗಡಾ: ಬಂದೂಕನ್ನು ತಲೆಯ ಮೇಲೆತ್ತಿ ಮೈದಾನ ಸುತ್ತಬೇಕು, ಆಮೇಲೆ ವಾಂತಿಯಾಗುವ ತನಕ ಕಪ್ಪೆ ಜಿಗಿತ.

ನನಗಾಗಿ ಅವರು ನಮ್ಮ ಕಡೆ ಕರೆಯುವ "ಹ್ವಾಯ್" ಕಲಿತುಕೊಂಡಿದ್ದರು. ಅದು ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿಂದ "ಓಯ್" ಹೊರಟಿರುತ್ತಿತ್ತು. ಇಡೀ ತುಕಡಿ ನಗುತ್ತಿತ್ತು.

ನಗುವವರಿಗೇನು ಗೊತ್ತು? ನಮ್ಮ ಅಳಿವೆಯಲ್ಲಿ ಮಂಜು ಕವಿದ ಬೆಳಿಗ್ಗೆ ಎದುರಿಗೆ ಬರುವ ದೋಣಿ ಕಾಣುವುದಿಲ್ಲ. ಕೂಗಬೇಕು. ಆಚೆಯವರು ಓ ಎನ್ನಬೇಕು. ಓ ಎನ್ನದಿದ್ದರೆ ಎರಡು ದೋಣಿ ಒಂದಕ್ಕೊಂದು ಬಡಿದು ಯಾರದೋ ಮನೆಯಲ್ಲಿ ಅಳು. ದಾಯಾದಿ ಜಗಳದಲ್ಲಿ ಮುಖ ನೋಡದವರೂ ನೀರಿನ ಮೇಲೆ ಓ ಎನ್ನುತ್ತಾರೆ. "ಕೂಗಿದ್ದಕ್ಕ್ ಓ ಅನ್ನದಿದ್ದವ ನನ್ನ್ ದೋಣಿಗ್ ಬ್ಯಾಡ" ಎಂದು ಅಪ್ಪಯ್ಯ ಹೇಳುತ್ತಿದ್ದ. ಹಾಗೆ ಸುಮ್ಮನಿದ್ದ ನನ್ನ ಸೋದರಮಾವನನ್ನೇ ಅವನು ಮತ್ತೆ ದೋಣಿ ಹತ್ತಿಸಲಿಲ್ಲ.

ಆದರೂ ಉಸ್ತಾದ್ ಗೆದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ನನ್ನ ಕಿವಿಯ ಹತ್ತಿರವೇ ಕೂಗಿದರೂ ನಾನು ಕಲ್ಲಿನಂತೆ ಕೂತಿದ್ದೆ. "ಶಾಬಾಶ್ ಗಂಗೊಳ್ಳಿ, ಈಗ ನೀನು ಮನುಷ್ಯನಾದೆ" ಎಂದು ಬೆನ್ನು ತಟ್ಟಿದರು. ಬ್ಯಾಡ್ಜ್ ಸಿಕ್ಕಿತು. ಎದೆ ಉಬ್ಬಿಸಿಕೊಂಡು ಊರಿಡೀ ತಿರುಗಿದೆ.

ಮುಂದಿನ ಚಳಿಗಾಲದಲ್ಲಿ ಬೈಂದೂರಿನ ಮೂಡಣ ದಿಕ್ಕಿನ ಕಾಡಂಚಿಗೆ ನಮ್ಮನ್ನು ಕರೆದೊಯ್ದರು. ಬೆಳಕು ಹರಿಯುವಾಗ ಬಂದೂಕಿನವರು ಅಕ್ಕಿ ಒಯ್ಯಲು ಈ ಕಾಲುದಾರಿಯಲ್ಲಿ ಇಳಿಯುತ್ತಾರೆ ಎಂದು ಯಾರೋ ಸುದ್ದಿ ಕೊಟ್ಟಿದ್ದರಂತೆ. ನಮ್ಮ ಅಧಿಕಾರಿ ಬಯಲುಸೀಮೆಯವರು. "ಈ ದಾರಿಯಲ್ಲಿ ಬರೋರು ಯಾರೇ ಆಗಲಿ, ಅವರೇ. ಹೆಂಗಸರ ಕೈಯಲ್ಲೂ ಬಂದೂಕಿರುತ್ತೆ. ನಾನು ಕೈ ಇಳಿಸಿದ ಕೂಡಲೇ ಹೊಡೀರಿ" ಎಂದಿದ್ದರು.

ಬೆಳಗಾಯಿತು, ಮಂಜು ಮಾತ್ರ ಬಿಡಲಿಲ್ಲ. ತರಗೆಲೆಯ ಮೇಲೆ ಹೆಜ್ಜೆಯ ಸದ್ದು ಕೇಳಿತು. ನಮ್ಮಲ್ಲೊಬ್ಬನ ಮೊಣಕಾಲಿನ ಕೆಳಗೆ ಕಡ್ಡಿ ಮುರಿಯಿತು. ಹೆಜ್ಜೆ ನಿಂತಿತು.

"ಹ್ವಾಯ್!" ಹೆಂಗಸಿನ ದನಿ.

ನಾನು ಅಲ್ಲಾಡಲಿಲ್ಲ. ಅಧಿಕಾರಿ ಕೈ ಮೇಲೆತ್ತಿದರು. ಮಂಜಿನಲ್ಲಿ ಒಂದು ಆಕಾರ, ಅದರ ಕೈಯಲ್ಲಿ ಉದ್ದನೆಯದೇನೋ ಕಂಡಿತು.

"ಹ್ವಾಯ್, ಯಾರ್ ಅಲ್ಲ್?"

ಆಗಲೂ ನಾನು ಸುಮ್ಮನಿದ್ದೆ. ಗುರಿ ಹಿಡಿದೇ ಇದ್ದೆ.

"ಹ್ವಾಯ್!" ಮೂರನೆಯ ಸಲ ಆ ದನಿ ನಡುಗಿತು.

"ಓಯ್! ಪೊಲೀಸ್! ಹಂದ್‌ಬೇಡಿ ಅಕ್ಕ, ಅಲ್ಲೇ ನಿಲ್ಲಿ!" ಎಂದು ಕಿರುಚಿದೆ. ಕಿರುಚುತ್ತ ಎದ್ದು ನಿಂತು, ಹನ್ನೆರಡು ಬಂದೂಕುಗಳಿಗೆ ಅಡ್ಡವಾದೆ.

ಬಂದದ್ದು ಒಬ್ಬ ಮುದುಕಿ. ಕೈಯಲ್ಲಿ ದನ ಅಟ್ಟುವ ಕೋಲು. ಹಿಂದಿನ ಸಂಜೆ ಹಟ್ಟಿಗೆ ಬಾರದ ದನವನ್ನು ಹುಡುಕುತ್ತಿದ್ದಳು. ನಮ್ಮನ್ನೆಲ್ಲ ಒಮ್ಮೆ ನೋಡಿ, "ಆಗಳಿಂದ ಕೂಗ್ತಿದ್ದೆ, ಕೆಮಿ ಕೇಂತಿಲ್ಯಾ ನಿಮ್ಗೆ?" ಎಂದು ಬೈದಳು. ಆಮೇಲೆ, "ಕೆಂಪ್ ದನ ಒಂದ್ ಕಂಡ್ರ್ಯಾ?" ಎಂದು ನಮ್ಮ ಅಧಿಕಾರಿಯನ್ನೇ ಕೇಳಿದಳು.

ಬಂದೂಕಿನವರು ಆ ದಿನವೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಸುದ್ದಿಯೇ ಸುಳ್ಳು. ಆದರೆ ವರದಿಯಲ್ಲಿ, ನಾನು ಬಾಯಿ ಬಿಟ್ಟದ್ದರಿಂದ ಅವರು ತಪ್ಪಿಸಿಕೊಂಡರು ಎಂದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮುದುಕಿಯ ಹೆಣ ಬಿದ್ದಿದ್ದರೆ ಅವಳ ಕೋಲನ್ನೇ ಬಂದೂಕೆಂದು ಬರೆದುಬಿಡುತ್ತಿದ್ದರು, ಬಡ್ತಿಯನ್ನೂ ಪಡೆಯುತ್ತಿದ್ದರು! ಸಾಲಿನಲ್ಲಿ ನಿಲ್ಲಿಸಿ, ಎಲ್ಲರೆದುರು ನನ್ನ ಬ್ಯಾಡ್ಜ್ ಬಿಚ್ಚಿಸಿದರು. ಉಸ್ತಾದ್ ಬೂಟಿನ ತುದಿ ನೋಡುತ್ತ ನಿಂತಿದ್ದರು. ಅವರ ಕೆನ್ನೆಗೊಂದು ಬಾರಿಸಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಕುಂದಾಪುರದ ಹೆದ್ದಾರಿಯಲ್ಲಿ ಬಸ್ಸುಗಳಿಗೆ ಕೈ ತೋರಿಸುವ ಕೆಲಸಕ್ಕೆ ಹಾಕಿದರು. ಸೇರುವ ಮೊದಲು ರಜೆ ಸಿಕ್ಕಿತು, ಮನೆಗೆ ಹೋದೆ. ಬೆಳಿಗ್ಗೆ ಅಪ್ಪಯ್ಯನ ಜೊತೆ ದೋಣಿಗೆ ಹೋದರೆ ಸಿಟ್ಟು ಇಳಿಯಬಹುದು ಎಂದುಕೊಂಡಿದ್ದೆ. ಅವನು ಅಂಗಳದಲ್ಲಿ ಕೂತು ಬಲೆಯ ತೂತು ಹೊಲಿಯುತ್ತಿದ್ದ. ನಾನು ಅಧಿಕಾರಿಯ ಜನ್ಮ ಜಾಲಾಡುತ್ತ ನಡೆದದ್ದನ್ನೆಲ್ಲ ಹೇಳಿದೆ. ಓಗೊಟ್ಟದ್ದಕ್ಕೆ ನನ್ನನ್ನು ಹೊರಗೆ ಹಾಕಿದರು ಎಂದು ಎರಡೆರಡು ಸಲ ಹೇಳಿದೆ. ಅವನಾದರೂ ನನ್ನ ಪರ ನಾಲ್ಕು ಬೈಗುಳ ಬೈಯಲಿ ಎಂಬ ಆಸೆ.

"ಅವ್ಳ್ ಎಷ್ಟ್ ಸಲ ಕೂಗಿದ್ಳ್?" ಎಂದು ಕೇಳಿದ.

"ಮೂರ್ ಸಲ."

"ನೀ ಓ ಅಂದದ್ದ್?"

"ಮೂರ್ನೇದಕ್ಕೆ."

ಅವನ ಕೈ ನಿಂತಿತು. "ಮತ್ತ್ ಮೊದ್ಲಿನ್ ಎರಡ್ ಸಲ ಎಂತ ಮಾಡ್ತಿದ್ದೆ?"

"ಆರ್ಡರ್ ಇದ್ದಿತ್ ಅಪ್ಪಯ್ಯ."

ಅವನು ಬಲೆ ಮಡಚಿದ. ನನ್ನ ಮುಖ ನೋಡದೆ, "ನಾಳೆ ನೀ ದೋಣಿಗ್ ಬಪ್ದ್ ಬ್ಯಾಡ" ಎಂದ. ಅವನು ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯವನನ್ನು ಕೂಗಿದ.

"ಹ್ವಾಯ್! ನಾಳೆ ದೋಣಿಗ್ ಬತ್ಯಾ?"

ಕೂಗು ಮುಗಿಯುವ ಮೊದಲೇ ಆಚೆಯಿಂದ ಉತ್ತರ ಬಂತು: "ಓಯ್, ಬತ್ತೆ!"